ಗುಂಯ್ ಅಂತದೆ, ತಿರುಗುದಿಲ್ಲ: ಅಕ್ಕನ ಪವರ್ ಮಷಿನ್ ಮೋಟಾರ್ ರಿಪೇರಿ

ಮೊದ್ಲು ಮಷಿನ್ ಯಾವುದು ಅಂತ ಹೇಳಿಬಿಡ್ತೇನೆ. ಒಂಟಿ ಸೂಜಿಯ ಲಾಕ್‌ಸ್ಟಿಚ್ ಪವರ್ ಮಷಿನ್, ಟೈಲರ್‌ಗಳು ಯಾವ ಕಂಪನಿದಾದ್ರೂ ಜೂಕಿ ಮಷಿನ್ ಅಂತಲೇ ಕರಿತಾರಲ್ಲ, ಆ ನಮೂನೆದು. ಟೇಬಲ್ ಅಡಿಗೆ ಕ್ಲಚ್ ಮೋಟಾರ್, ಸಿಂಗಲ್ ಫೇಸ್, ಪ್ಲೇಟ್ ಮೇಲೆ 1/2 ಎಚ್‌ಪಿ, 220 ವೋಲ್ಟ್, 50 ಹರ್ಟ್ಜ್, 2850 ಆರ್‌ಪಿಎಂ ಅಂತ ಓದ್ಲಿಕ್ಕೆ ಬರ್ತದೆ, ಕಂಪನಿ ಹೆಸರು ಇದ್ದ ಜಾಗ ತುಕ್ಕು ತಿಂದು ಹೋಗಿದೆ. ಮಷಿನ್ ಇರೋದು ಅಂಕೋಲೆ ಕಡೆ ಅಕ್ಕನ ಮನೆಲಿ, ಸಮುದ್ರದ ಸಪ್ಪಳ ಕೇಳೋವಷ್ಟು ಹತ್ರ, ಮನೆಗೆ ತಾಗಿಸಿ ಹಾಕಿದ ಶೀಟಿನ ಶೆಡ್‌ನಲ್ಲಿ. ನಾನು ಮಾಡುದು ತೋಟದ ಪಂಪ್ ಮೋಟಾರ್ ಮತ್ತೆ ಮನೆ ವೈರಿಂಗ್ ಕೆಲಸ, ಹೊಲಿಗೆ ಮಷಿನ್ ಮೋಟಾರ್ ಬಿಚ್ಚಿದ್ದು ಇದೇ ಮೊದ್ಲು, ಹಾಗಾಗಿ ಪಂಪಿನವರಿಗೆ ಹೊಸದು ಅನ್ನಿಸೋ ಒಂದೆರಡು ವಿಷಯ ಸಿಕ್ಕಿದ್ವು.

ಕಂಪ್ಲೇಂಟ್ ಏನಂದ್ರೆ ಬೆಳಿಗ್ಗೆ ಸ್ವಿಚ್ ಹಾಕಿದ್ರೆ ಗುಂಯ್ ಅಂತದೆ, ತಿರುಗುದಿಲ್ಲ. ಹಾಗೇ ಬಿಟ್ರೆ ಬಿಸಿ ವಾರ್ನಿಶ್ ವಾಸನೆ ಬರ್ತದೆ. ಮಧ್ಯಾಹ್ನದ ಮೇಲೆ ಅದೇ ಮೋಟಾರ್ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗ್ತದೆ. ಮಳೆ ಹಿಡಿದ ದಿನ ಮಾತ್ರ ಮಧ್ಯಾಹ್ನವೂ ಇಲ್ಲ. ಇದರ ಜೊತೆ ಇನ್ನೊಂದು ಇತ್ತು, ಬರಿಗಾಲಲ್ಲಿ ಕೂತು ಮಷಿನ್ ಸ್ಟ್ಯಾಂಡ್ ಮುಟ್ಟಿದ್ರೆ ಜುಂ ಅಂತದೆ. ಇದನ್ನ ಅಕ್ಕ ಹೇಳಿದ್ದು ನಾನು ಕೆದಕಿ ಕೇಳಿದ ಮೇಲೆ. "ಅದು ಮಳೆಗಾಲದಲ್ಲಿ ಯಾವಾಗ್ಲೂ ಹಾಂಗೇಯಾ ತಮಾ, ಚಪ್ಪಲಿ ಹಾಕ್ಕಂಡ್ ಕೂತ್ರೆ ಎಂತಾ ಆಗುದಿಲ್ಲ." ಸ್ಟಾರ್ಟ್ ಆಗದೆ ಇರೋದಕ್ಕಿಂತ ಇದು ದೊಡ್ಡ ಕಂಪ್ಲೇಂಟು ಮಾರಾಯ್ರೆ. ಮಷಿನ್ ಮುಟ್ಟಿದ್ರೆ ಜುಂ ಅಂದ್ರೆ ಚಪ್ಪಲಿ ಹುಡುಕುದಲ್ಲ, ಪ್ಲಗ್ ತೆಗೆದಿಡುದು.

ನನಗಿಂತ ಮೊದ್ಲು ಒಬ್ರು ಬಂದು ನೋಡಿ, ವೈಂಡಿಂಗ್ (ಮೋಟಾರ್ ಒಳಗಿನ ತಂತಿ ಸುರುಳಿ) ಹೋಗಿದೆ, ಕಟ್ಲಿಕ್ಕೆ 1800 ಆಗ್ತದೆ, ಇಲ್ಲಾಂದ್ರೆ ಇದನ್ನ ಗುಜರಿಗೆ ಹಾಕಿ ಸರ್ವೋ ಮೋಟಾರ್ (ಪೆಡಲ್ ಒತ್ತಿದಾಗ ಮಾತ್ರ ತಿರುಗೋ ಮೋಟಾರ್) ತಗೊಳ್ಳಿ ಅಂತ ಹೇಳಿ ಹೋಗಿದ್ರಂತೆ. ಮೀಟರ್ ಹಚ್ಚಿ ನೋಡಿರ್ಲಿಲ್ಲ, ವಾಸನೆ ನೋಡಿ ಹೇಳಿದ್ದು. ಜೂನ್ ತಿಂಗಳು, ಶಾಲೆ ಶುರುವಾಗಿದೆ, ಕಟಿಂಗ್ ಮಾಡಿಟ್ಟ ಯೂನಿಫಾರ್ಮ್ ಬಟ್ಟೆ ಮೂಲೆಯಲ್ಲಿ ರಾಶಿ ಬಿದ್ದಿದೆ, ತಾಯಂದಿರ ಫೋನ್ ಮೇಲೆ ಫೋನ್, ಅಕ್ಕ 1800 ಕೊಟ್ಟೇ ಬಿಡುವ ಅಂದಾಜಲ್ಲಿದ್ಲು. ನನಗೆ ನಂಬಿಕೆ ಬರದ್ದಕ್ಕೆ ಕಾರಣ ಒಂದೇ, ಬೆಳಿಗ್ಗೆ ಸುಟ್ಟ ವೈಂಡಿಂಗ್ ಮಧ್ಯಾಹ್ನ ತಂತಾನೇ ಸರಿಯಾಗುದಿಲ್ಲ.

ಸಾಮಾನು: ಕೆಪಾಸಿಟರ್ ಅಳಿಯುವ ರೇಂಜ್ ಇರೋ ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್ (ವಯರ್ ಸುತ್ತ ಹಿಡಿದು ಎಷ್ಟು ಆಂಪ್ ಅಂತ ನೋಡೋದು), 500 ವೋಲ್ಟಿನ ಮೆಗ್ಗರ್ (ವೈಂಡಿಂಗಿಂದ ಬಾಡಿಗೆ ಕರೆಂಟ್ ಸೋರ್ತದೋ ಅಂತ ಅಳಿಯೋದು, ಗೆಳೆಯನ ಹತ್ರ ಕಡ ತಂದಿದ್ದು), ಸೀರೀಸ್ ಲ್ಯಾಂಪ್ (ಟೆಸ್ಟ್ ಮಾಡ್ಲಿಕ್ಕೆ ಎರಡು ವಯರ್ ಕಟ್ಟಿದ ಬಲ್ಬು), ಬೇರಿಂಗ್ ಪುಲ್ಲರ್, ಸ್ಪ್ಯಾನರ್ ಸೆಟ್, ಪೇಂಟಿಂಗ್ ಬ್ರಷ್, ಒಂದು ಹಳೆ 100 ವ್ಯಾಟ್ ಬಲ್ಬು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅಕ್ಕನ ಇಸ್ತ್ರಿ ಪೆಟ್ಟಿಗೆ, ಅದು ಹೇಗೆ ಅಂತ ಮುಂದೆ ಬರ್ತದೆ.

1. ಬೆಲ್ಟ್ ತೆಗೆದು ನೋಡಿದ್ದು

ಪ್ಲಗ್ ತೆಗೆದು ಬೆಲ್ಟ್ ಬಿಚ್ಚಿದೆ. ಮೇಲಿನ ಬ್ಯಾಲೆನ್ಸ್ ವೀಲ್ ಕೈಯಲ್ಲಿ ತಿರುಗಿಸಿದ್ರೆ ಹಗುರ, ಸೂಜಿ ಮೇಲೆ ಕೆಳಗೆ ಸಲೀಸಾಗಿ ಹೋಗ್ತದೆ, ಹುಕ್ಕಿನ ಹತ್ರ ದಾರ ಸಿಕ್ಕಿಲ್ಲ. ಅಂದ್ರೆ ತಲೆ ಜಾಮ್ ಇಲ್ಲ. ಬೆಲ್ಟ್ ಇಲ್ಲದೆ ಸ್ವಿಚ್ ಹಾಕಿದೆ, ಆಗ್ಲೂ ಗುಂಯ್. ಹಾಗಾದ್ರೆ ಕೇಸು ಮೋಟಾರಿಂದು ಇಲ್ಲಾ ಕರೆಂಟಿಂದು.

ಪಂಪಿನವರಿಗೆ ಮೋಸ ಆಗೋ ಜಾಗ ಇಲ್ಲಿದೆ. ಮೋಟಾರ್ ಪುಲ್ಲಿ ಕೈಯಲ್ಲಿ ತಿರುಗಿಸಿದೆ, ಅಲ್ಲಾಡ್ಲಿಲ್ಲ, ಬೇರಿಂಗ್ ಹಿಡಿದುಬಿಟ್ಟಿದೆ ಅಂತಲೇ ಅನ್ಸ್ತದೆ. ಆದ್ರೆ ಕ್ಲಚ್ ಮೋಟಾರಲ್ಲಿ ಪುಲ್ಲಿ ಕೂತಿರೋದು ರೋಟರ್ (ಮೋಟಾರ್ ಒಳಗೆ ತಿರುಗೋ ಭಾಗ) ಶಾಫ್ಟ್ ಮೇಲಲ್ಲ, ಬೇರೆ ಕ್ಲಚ್ ಶಾಫ್ಟ್ ಮೇಲೆ. ಪೆಡಲ್ ಬಿಟ್ಟಿರುವಾಗ ಆ ಶಾಫ್ಟನ್ನ ಬ್ರೇಕ್ ಕಚ್ಚಿ ಹಿಡಿದಿರ್ತದೆ, ಒಳಗೆ ರೋಟರ್ ಪಾಡಿಗೆ ಅದು ತಿರುಗ್ತಾ ಇರ್ತದೆ. ಪೆಡಲ್ ಒತ್ತಿದ್ರೆ ಬ್ರೇಕ್ ಬಿಟ್ಟು ಕ್ಲಚ್ ಪ್ಲೇಟು ರೋಟರಿನ ಫ್ಲೈವೀಲಿಗೆ ಅಂಟ್ತದೆ, ಆಗ ಪುಲ್ಲಿ ತಿರುಗ್ತದೆ. ಹಾಗಾಗಿ ರೋಟರ್ ಫ್ರೀ ಇದೆಯಾ ನೋಡ್ಬೇಕಾದ್ರೆ ಪ್ಲಗ್ ತೆಗೆದು, ಒಬ್ರು ಪೆಡಲ್ ಒತ್ತಿ ಹಿಡಿದಿರ್ಬೇಕು, ಇನ್ನೊಬ್ರು ಪುಲ್ಲಿ ತಿರುಗಿಸ್ಬೇಕು. ಅಕ್ಕ ಪೆಡಲ್ ಒತ್ತಿದ್ಲು, ಪುಲ್ಲಿ ತಿರುಗ್ತು, ಸ್ವಲ್ಪ ಕರ ಕರ ಇತ್ತು ಆದ್ರೆ ಜಾಮ್ ಅಲ್ಲ.

2. ಕೆಪಾಸಿಟರ್

ಮೋಟಾರ್ ಏಳ್ಲಿಕ್ಕೆ ದೂಡಿ ಕೊಡೋದು ಕೆಪಾಸಿಟರು. ಇದಕ್ಕೆ ಒಂದೇ, 10 ಮೈಕ್ರೋಫ್ಯಾರಡ್, 440 ವೋಲ್ಟ್, ಯಾವಾಗ್ಲೂ ಸ್ಟಾರ್ಟಿಂಗ್ ವೈಂಡಿಂಗ್ ಜೊತೆ ಲೈನಲ್ಲೇ ಇರ್ತದೆ, ಎದ್ದ ಮೇಲೆ ಅದನ್ನ ಕಟ್ ಮಾಡೋ ಸೆಂಟ್ರಿಫ್ಯೂಗಲ್ ಸ್ವಿಚ್ ಇಲ್ಲ. ಬಿಚ್ಚೋಕಿಂತ ಮೊದ್ಲು ಬಲ್ಬಿನ ಎರಡು ವಯರು ಅದರ ಎರಡು ಪಿನ್ನಿಗೆ ಮುಟ್ಟಿಸಿ ಡಿಸ್‌ಚಾರ್ಜ್ ಮಾಡ್ದೆ. ಸ್ಕ್ರೂಡ್ರೈವರಲ್ಲಿ ಠಪ್ ಅನ್ನಿಸೋರು ಇದ್ದಾರೆ, ನನಗೆ ಅದು ಸೇರುದಿಲ್ಲ, ಪಿನ್ನೂ ಹಾಳು ಕೈಗೂ ಅಪಾಯ.

ಅಳತೆ 6.9 ಬಂತು. ಹತ್ತು ಇರ್ಬೇಕಾದದ್ದು 6.9 ಅಂದ್ರೆ ಸತ್ತ ಹಾಗೆಯೇ. ಪೇಟೆಲಿ 140 ರೂಪಾಯಿಗೆ ಹೊಸದು ಸಿಕ್ತು, ಅಂಗಡಿಯಲ್ಲೇ ಅಳಿದು ತಗೊಂಡೆ, 9.8. ಹಾಕಿದ್ದು ಮಧ್ಯಾಹ್ನ, ಮೋಟಾರ್ ಝಂ ಅಂತ ಎದ್ದಿತು, ಖಾಲಿ ತಿರುಗುವಾಗ ಕ್ಲ್ಯಾಂಪ್ ಮೀಟರಲ್ಲಿ 2.1 ಆಂಪ್. ಅಕ್ಕನಿಗೆ ಖುಷಿ, ಚಾ ಅವಲಕ್ಕಿ ಆಯ್ತು, ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಫೋನು, "ತಮಾ, ಮತ್ತೆ ಗುಂಯ್."

ಮಧ್ಯಾಹ್ನ ಹೇಗೂ ಸ್ಟಾರ್ಟ್ ಆಗ್ತಾ ಇದ್ದ ಮೋಟಾರನ್ನ ಮಧ್ಯಾಹ್ನ ಟೆಸ್ಟ್ ಮಾಡಿ ಪಾಸ್ ಅಂದ್ರೆ ಏನು ಬಂತು? ಬೆಳಿಗ್ಗಿನ ರೋಗವನ್ನ ಬೆಳಿಗ್ಗೆಯೇ ನೋಡ್ಬೇಕಿತ್ತು. ಆಮೇಲಿಂದ ಬೆಳಿಗ್ಗೆ ಎಂಟಕ್ಕೆ ಮೊದ್ಲೇ ಹೋಗಿ ಅಳತೆ ತಗೊಳ್ಳೋದು ಶುರು ಮಾಡ್ದೆ.

3. ದೊಡ್ಡ ಕೆಪಾಸಿಟರ್, ಯಾರೂ ಮಾಡ್ಬೇಡಿ

ಅಂಗಡಿಯವರು ದೊಡ್ಡದು ಹಾಕಿ, ಎಳೆದುಬಿಡ್ತದೆ ಅಂದ್ರು. 16 ಮೈಕ್ರೋಫ್ಯಾರಡ್ ಒಂದು 180 ರೂಪಾಯಿಗೆ ತಂದು ಹಾಕಿದೆ. ಬೆಳಿಗ್ಗೆಯೇ ಸ್ಟಾರ್ಟ್ ಆಯ್ತು, ಅದು ನಿಜ. ಆದ್ರೆ ಖಾಲಿ ತಿರುಗುವಾಗಿನ ಕರೆಂಟು 2.1 ಇದ್ದದ್ದು 3.6 ಆಯ್ತು, ಅರ್ಧ ಗಂಟೆ ಆಗೋವಷ್ಟರಲ್ಲಿ ಮೋಟಾರ್ ಮೈ ಮೇಲೆ ಕೈ ಇಡ್ಲಿಕ್ಕೆ ಆಗುದಿಲ್ಲ, ಶಬ್ದವೂ ಒರಟು. ಇದು ಸ್ಟಾರ್ಟ್ ಆದ್ಮೇಲೆ ಕಟ್ ಆಗೋ ಕೆಪಾಸಿಟರ್ ಅಲ್ವಲ್ಲ, ದಿನ ಪೂರ್ತಿ ಸ್ಟಾರ್ಟಿಂಗ್ ವೈಂಡಿಂಗಿಗೆ ಜಾಸ್ತಿ ಕರೆಂಟ್ ಕುಡಿಸ್ತಾನೇ ಇರ್ತದೆ. ಯೂನಿಫಾರ್ಮ್ ಸೀಸನಲ್ಲಿ ದಿನಕ್ಕೆ ಏಳೆಂಟು ಗಂಟೆ ಓಡಿಸಿದ್ರೆ ಒಂದು ವಾರದಲ್ಲಿ ನಿಜವಾಗಿಯೂ ವೈಂಡಿಂಗ್ ಸುಡ್ತಿತ್ತು, ಮೊದ್ಲು ಬಂದವರ ಮಾತು ಸತ್ಯ ಆಗ್ತಿತ್ತು. ತೆಗೆದು 10 ಅನ್ನೇ ವಾಪಸ್ ಹಾಕಿದೆ. 180 ನೀರಿಗೆ.

4. ಬಿಚ್ಚಿದ್ದು, ಒಣಗಿಸಿದ್ದು

ಜುಂ ಅನ್ನೋದಕ್ಕೆ ಕಾರಣ ನೋಡ್ಬೇಕಿತ್ತಲ್ಲ, ಬೆಳಿಗ್ಗೆ ಹೋಗಿ ಮೋಟಾರಿನ ವಯರೆಲ್ಲ ಬಿಚ್ಚಿ ವೈಂಡಿಂಗ್ ಮತ್ತು ಬಾಡಿ ನಡುವೆ ಮೆಗ್ಗರ್ ಹಾಕಿದೆ. 0.3 ಮೆಗಾಓಮ್. ಒಂದಕ್ಕಿಂತ ಕಮ್ಮಿ ಇದ್ರೆ ಹಾಕಿ ಓಡಿಸ್ಬಾರ್ದು. ಅದೇ ಹೊತ್ತಿಗೆ ವೈಂಡಿಂಗ್ ಓಮ್ ನೋಡಿದೆ: ಕಾಮನ್‌ನಿಂದ (ರನ್ನಿಂಗ್, ಸ್ಟಾರ್ಟಿಂಗ್ ಎರಡೂ ವೈಂಡಿಂಗ್ ಸೇರೋ ತುದಿ) ರನ್ನಿಂಗಿಗೆ 6.8, ಕಾಮನ್‌ನಿಂದ ಸ್ಟಾರ್ಟಿಂಗಿಗೆ 14.2, ರನ್ನಿಂಗ್ ಸ್ಟಾರ್ಟಿಂಗ್ ನಡುವೆ 21. ಮೊದಲೆರಡು ಕೂಡಿಸಿದ್ರೆ ಮೂರನೇದು ಸರಿಯಾಗಿ ಬರ್ತದೆ, ಅಂದ್ರೆ ಎಲ್ಲೂ ತುಂಡಾಗಿಲ್ಲ. ಈ ಮೂರು ಅಳತೆ ತಗೊಳ್ಳಿಕ್ಕೆ ಎರಡು ನಿಮಿಷ ಸಾಕು, 1800 ಕೇಳುವವರು ಇಷ್ಟಾದ್ರೂ ಮಾಡಿ ಕೇಳ್ಬಹುದಿತ್ತು.

ಮೋಟಾರ್ ಇಳಿಸಿ (ಭಾರ ಇರ್ತದೆ, ಕೆಳಗೆ ಕಲ್ಲು ಮತ್ತೆ ಹಲಗೆ ಇಟ್ಟು ಕೂರಿಸಿಕೊಂಡು ಬೋಲ್ಟ್ ಬಿಚ್ಚಿ, ಕಾಲ ಮೇಲೆ ಬಿದ್ದೀತು) ವಯರಿನ ಫೋಟೋ ತಗೊಂಡು, ಕವರ್ ಮೇಲೆ ಮತ್ತು ಬಾಡಿ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಬಿಚ್ಚಿದೆ. ಹಿಂದಿನ ಫ್ಯಾನ್ ಕವರ್ ತೆಗೆದಾಗ ಗಾಳಿ ಹೋಗೋ ಕಂಡಿ ಒಂದೂ ಕಾಣಿಸ್ಲಿಲ್ಲ. ಬಟ್ಟೆ ಜುಂಗು, ಮೇಲಿನ ತಲೆಯಿಂದ ತೊಟ್ಟಿಕ್ಕಿದ ಎಣ್ಣೆ, ಅದರ ಮೇಲೆ ಮಳೆಗಾಲದ ತಂಪು, ಮೂರೂ ಸೇರಿ ಗಟ್ಟಿ ಪದರ ಆಗಿ ಕೂತಿತ್ತು. ಚಾಕುವಲ್ಲಿ ಎಬ್ಬಿಸಿದಾಗ ಅಡ್ಡ ಕೊಯ್ದ ಜಾಗದಲ್ಲಿ ಬಣ್ಣ ಬಣ್ಣದ ಗೆರೆ, ಅಡಿಯಲ್ಲಿ ಬಿಳಿ ನೀಲಿ, ಅದರ ಮೇಲೆ ಮರೂನು, ಮತ್ತೆ ಖಾಕಿ, ಎಲ್ಲಕ್ಕಿಂತ ಮೇಲೆ ಕಡು ಹಸಿರು. ಅಕ್ಕ ಅದನ್ನ ಕೈಯಲ್ಲಿ ಹಿಡಿದು ಯಾವ ಗೆರೆ ಯಾವ ಶಾಲೆದು, ಆ ಶಾಲೆ ಯೂನಿಫಾರ್ಮ್ ಯಾವಾಗ ಬದಲಾಯ್ತು ಅಂತ ಒಂದೊಂದೇ ಹೇಳಿದ್ಲು, ಖಾಕಿ ಮಾತ್ರ ಭಾವನ ಪ್ಯಾಂಟಿಂದು. ಉಪ್ಪು ಗಾಳಿ ನೀರು ಹೀರ್ಕೊಳ್ತದೆ, ಆ ಪದರ ಅದನ್ನ ವೈಂಡಿಂಗಿಗೆ ಒತ್ತಿ ಹಿಡಿತದೆ, ಮೆಗ್ಗರಲ್ಲಿ 0.3 ಬರದೆ ಇನ್ನೇನು.

ಒಣ ಬ್ರಷ್ಷಲ್ಲಿ ಪೂರ್ತಿ ತೆಗೆದೆ. ಪೆಟ್ರೋಲ್ ಹಾಕಿ ತೊಳಿಲಿಲ್ಲ, ಹಳೆ ವಾರ್ನಿಶ್ ಮೇಲೆ ಯಾವುದು ಎಷ್ಟು ಕೆಲಸ ಮಾಡ್ತದೋ. ಆಮೇಲೆ ಸ್ಟೇಟರನ್ನ (ವೈಂಡಿಂಗ್ ಇರೋ, ತಿರುಗದ ಭಾಗ) ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು, ಹೊಟ್ಟೆಯೊಳಗೆ ಎಲ್ಲೂ ತಾಗದ ಹಾಗೆ 100 ವ್ಯಾಟ್ ಬಲ್ಬ್ ತೂಗುಬಿಟ್ಟು, ಮೇಲೆ ತೇವ ಹೋಗ್ಲಿಕ್ಕೆ ನಾಲ್ಕು ಬೆರಳು ಜಾಗ ಬಿಟ್ಟು ಮುಚ್ಚಿದೆ. ಎಲ್‌ಇಡಿ ಬಲ್ಬಲ್ಲಿ ಇದು ಆಗುದಿಲ್ಲ, ಹಳೆ ತಂತಿ ಬಲ್ಬೇ ಬೇಕು. ಎರಡು ಗಂಟೆ ಬಿಟ್ಟು ಮೆಗ್ಗರ್ ಹಾಕಿದ್ರೆ 0.3 ಇದ್ದದ್ದು 0.2ಕ್ಕೆ ಇಳಿದಿತ್ತು! ಗಾಬರಿ ಬೀಳ್ಬೇಡಿ, ಬಿಸಿಯಾಗ್ತಾ ಮೊದ್ಲು ಇಳಿತದೆ, ತೇವ ಹೊರಗೆ ಹೋದ ಹಾಗೆ ಏರ್ತದೆ, ಪಂಪ್ ಮೋಟಾರಲ್ಲೂ ಹಾಗೇ. ರಾತ್ರಿ ಪೂರ್ತಿ ಬಿಟ್ಟು ಬೆಳಿಗ್ಗೆ ತಣಿಸಿ ನೋಡಿದಾಗ 20ಕ್ಕಿಂತ ಮೇಲೆ. ಏರ್ ಡ್ರೈ ವಾರ್ನಿಶ್ ಎರಡು ಕೋಟ್ ಹಚ್ಚಿ, ಮತ್ತೆ ಅದೇ ಬಲ್ಬಲ್ಲಿ ಒಣಗಿಸಿದೆ. ಬಲ್ಬ್ ಇಟ್ಟ ಪೆಟ್ಟಿಗೆ ಹತ್ರ ಬಟ್ಟೆ ರಾಶಿ ಇರ್ಬಾರ್ದು, ಒಬ್ರು ಆಗಾಗ ನೋಡ್ತಿರ್ಬೇಕು. ವಾರ್ನಿಶ್ ಹಸಿ ಇರುವಾಗ ಬಲ್ಬ್ ಬೇಡ, ಅರ್ಧ ದಿನ ಗಾಳಿಗೆ ಬಿಟ್ಟು ವಾಸನೆ ಹೋದ ಮೇಲೆ.

5. ಬೇರಿಂಗ್, ಕ್ಲಚ್ಚಿನ ಕಾರ್ಕು

ಬಿಚ್ಚಿದ್ದೇ ಆಗಿದೆ, ಕರ ಕರ ಅನ್ನೋ ಬೇರಿಂಗನ್ನ ವಾಪಸ್ ಹಾಕುದು ಸರಿಯಲ್ಲ. ಮುಂದೆ 6203, ಹಿಂದೆ 6202. ನಂಬರ್ ಓದ್ಲಿಕ್ಕೆ ಆಗದಿದ್ರೆ ಅಳಿದುಕೊಳ್ಳಿ, 6203 ಒಳಗೆ 17 ಹೊರಗೆ 40 ಅಗಲ 12 ಮಿಮೀ, 6202 ಒಳಗೆ 15 ಹೊರಗೆ 35 ಅಗಲ 11. ಇಲ್ಲಿ ಸಿಕ್ಕಿದ್ದು ಎರಡೂ ಕಡೆ ತಗಡಿನ ಮುಚ್ಚಳದ್ದು, ಝಡ್‌ಝಡ್ ಅಂತ ಬರ್ದಿರ್ತದೆ. ನನಗೆ ಬೇಕಿದ್ದದ್ದು ರಬ್ಬರ್ ಸೀಲಿಂದು, 2ಆರ್‌ಎಸ್. ತಗಡಿನದ್ದರ ಅಂಚಲ್ಲಿ ಸಣ್ಣ ಸಂದು ಇರ್ತದೆ, ಕಡಲ ಬದಿಯಲ್ಲಿ ಅದರೊಳಗೆ ತುಕ್ಕು ಹೋಗ್ಲಿಕ್ಕೆ ಒಂದು ಮಳೆಗಾಲ ಸಾಕು. ಹುಬ್ಬಳ್ಳಿಗೆ ಫೋನ್ ಮಾಡಿ ಹೇಳಿ, ಕ್ಲಚ್ಚಿನ ಕಾರ್ಕಿನ ಜೊತೆ ಬಸ್ಸಿಗೆ ಹಾಕಿಸಿದೆ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಸಂಜೆಗೆ ಅಂಕೋಲೆ ಬಸ್‌ಸ್ಟ್ಯಾಂಡಿಗೆ ಬಂತು. ಬೇರಿಂಗ್ ಎರಡಕ್ಕೂ ಸೇರಿ 330, ಕಾರ್ಕು 120.

ಹಳೇದು ಪುಲ್ಲರಲ್ಲಿ ಬಂತು. ಹೊಸದನ್ನ ಶಾಫ್ಟಿಗೆ ಕೂರಿಸುವಾಗ ಒಳಗಿನ ರಿಂಗಿಗೆ ಮಾತ್ರ ತಾಗೋ ಪೈಪ್ ತುಂಡು ಇಟ್ಟು ಹೊಡಿಬೇಕು, ಹೊರಗಿನ ರಿಂಗಿಗೆ ಹೊಡೆದ್ರೆ ಗುಂಡು ಗುರುತು ಬಿದ್ದು ಹೊಸ ಬೇರಿಂಗೇ ಕಿರುಚ್ತದೆ. ಕ್ಲಚ್ ಪ್ಲೇಟಿನ ಹಳೆ ಕಾರ್ಕು ಎಣ್ಣೆ ಕುಡಿದು ಕಪ್ಪಾಗಿತ್ತು. ಪೆಟ್ರೋಲಲ್ಲಿ ತೊಳೆದು ನೋಡಿದೆ, ಮೇಲೆ ಒಣಗಿದ ಹಾಗೆ ಕಂಡ್ರೂ ಬಿಸಿಲಲ್ಲಿ ಇಟ್ಟ ಕೂಡ್ಲೇ ಒಳಗಿನ ಎಣ್ಣೆ ಬೆವರಿದ ಹಾಗೆ ಹೊರಗೆ ಬಂತು. ತೊಳೆದು ಉಪಯೋಗ ಇಲ್ಲ, ಬದಲಾಯಿಸ್ಲೇಬೇಕು. ದಪ್ಪ ಬಟ್ಟೆ ಬಂದಾಗ ಮಷಿನ್ ಎಳಿದೆ ಇರ್ತಿತ್ತು ಅಂತ ಅಕ್ಕ ಹೇಳ್ತಿದ್ದದ್ದು ಇದಕ್ಕೇ, ಮೋಟಾರ್ ತಿರುಗ್ತಿತ್ತು ಕ್ಲಚ್ ಜಾರ್ತಿತ್ತು.

ಎಲ್ಲ ಜೋಡಿಸಿ ಮೇಲೆ ಹತ್ತಿಸಿ, ಬೆಲ್ಟ್ ಹಾಕದೆ ಸ್ಟಾರ್ಟ್ ಮಾಡ್ದೆ. ಬೆಲ್ಟ್ ಇಲ್ಲದೆ ಯಾಕಂದ್ರೆ ಮೊದ್ಲು ದಿಕ್ಕು ನೋಡ್ಬೇಕು, ಬ್ಯಾಲೆನ್ಸ್ ವೀಲಿನ ಮೇಲಿನ ಅಂಚು ಹೊಲಿಯುವವರ ಕಡೆ ಬರ್ಬೇಕು. ಉಲ್ಟಾ ಆದ್ರೆ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿ ಅದಲು ಬದಲು ಮಾಡ್ಬೇಕು. ಫೋಟೋ ಇದ್ದದ್ದರಿಂದ ಆ ತೊಂದ್ರೆ ಬರ್ಲಿಲ್ಲ. ಮಧ್ಯಾಹ್ನ ಮೂರು ಗಂಟೆ, ಶಬ್ದವೇ ಇಲ್ಲದ ಹಾಗೆ ತಿರುಗ್ತು, ಜುಂ ಅನ್ನೋದೂ ಇಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ ಅಲ್ಲೇ ಇದ್ದೆ. ಸ್ವಿಚ್ ಹಾಕಿದೆ. ಗುಂಯ್.

6. ಇಸ್ತ್ರಿ ಪೆಟ್ಟಿಗೆ ಟೆಸ್ಟ್

ಹೊಸ ಕೆಪಾಸಿಟರ್, ಒಣಗಿದ ವೈಂಡಿಂಗ್, ಹೊಸ ಬೇರಿಂಗ್, ಇನ್ನು ಮೋಟಾರಲ್ಲಿ ಬದಲಾಯಿಸ್ಲಿಕ್ಕೆ ಏನೂ ಉಳಿದಿಲ್ಲ. ಶೆಡ್ಡಿನ ಪ್ಲಗ್ಗಲ್ಲಿ ವೋಲ್ಟೇಜ್ ನೋಡಿದ್ದೆ ಮೊದ್ಲೇ, 228, ಒಳ್ಳೇದೇ ಇದೆ ಅಂತ ಬಿಟ್ಟಿದ್ದೆ. ಈ ಸಲ ಮೀಟರ್ ಮೋಟಾರಿನ ಟರ್ಮಿನಲ್ಲಿಗೇ ಹಚ್ಚಿ ಹಿಡ್ಕೊಂಡು ಅಕ್ಕನ ಹತ್ರ ಎರಡು ಸೆಕೆಂಡ್ ಸ್ವಿಚ್ ಹಾಕಿ ತೆಗಿಯಕ್ಕೆ ಹೇಳಿದೆ. 168! ಕ್ಲ್ಯಾಂಪಲ್ಲಿ 11 ಆಂಪ್. 168 ವೋಲ್ಟಲ್ಲಿ ಈ ಮೋಟಾರಿಗೆ ಏಳುವ ಶಕ್ತಿ 228ರಲ್ಲಿ ಇರೋದರ ಅರ್ಧದಷ್ಟೇ. ಗುಂಯ್ ಅನ್ನದೆ ಇನ್ನೇನು ಮಾಡೀತು.

ಖಾಲಿ ಪ್ಲಗ್ಗಲ್ಲಿ 228 ಬಂದ್ರೆ ಅದರಲ್ಲಿ ಏನೂ ತಿಳಿಯುದಿಲ್ಲ, ಲೋಡ್ ಹಾಕಿಯೇ ನೋಡ್ಬೇಕು. ಆದ್ರೆ ಲೋಡಿಗೆ ಮೋಟಾರನ್ನೇ ಮತ್ತೆ ಮತ್ತೆ ಗುಂಯ್ ಅನ್ನಿಸಿದ್ರೆ ಅದು ಸುಡ್ತದೆ. ಟೈಲರ್ ಮನೆಲಿ ಇಸ್ತ್ರಿ ಪೆಟ್ಟಿಗೆ ಇದ್ದೇ ಇರ್ತದಲ್ಲ, 1000 ವ್ಯಾಟಿಂದು, ಸುಮಾರು ನಾಲ್ಕು ಆಂಪ್ ಎಳಿತದೆ, ಎಷ್ಟು ಹೊತ್ತು ಬೇಕಾದ್ರೂ ಇಡ್ಬಹುದು. ಅದನ್ನ ಶೆಡ್ಡಿನ ಪ್ಲಗ್ಗಿಗೆ ಹಾಕಿ, ದೀಪ ಹತ್ತಿರುವಾಗಲೇ ಎರಡು ಕಡೆ ವೋಲ್ಟೇಜ್ ನೋಡಿದೆ. ಮೇನ್ ಬೋರ್ಡಲ್ಲಿ 225, ಶೆಡ್ಡಲ್ಲಿ 207. ಅಂದ್ರೆ ಕಂಬದಿಂದ ಬರೋ ಕರೆಂಟು ಚೆನ್ನಾಗೇ ಇದೆ, 18 ವೋಲ್ಟು ಮನೆಯೊಳಗೇ ಎಲ್ಲೋ ಕಳೆದುಹೋಗ್ತಿದೆ. ಅದೇ ದಿನ ಮಧ್ಯಾಹ್ನ ಬಿಸಿಲು ಬಿದ್ದು ಶೀಟ್ ಕಾದ ಮೇಲೆ ಮತ್ತೆ ನೋಡಿದೆ, ಮೇನಲ್ಲಿ ಅದೇ 225, ಶೆಡ್ಡಲ್ಲಿ 219. ಬೆಳಿಗ್ಗೆ ಮಧ್ಯಾಹ್ನದ ಲೆಕ್ಕ ಇಲ್ಲಿ ಸಿಕ್ಕಿಬಿತ್ತು.

ವಯರ್ ಹಿಂದೆ ಹೋದೆ. ಅಡಿಗೆ ಮನೆ ಬೋರ್ಡಿಂದ ಹೊರಟು, ಹಂಚಿನ ಮಾಡಿನ ಅಂಚಲ್ಲಿ ರೀಪಿಗೆ ಮೊಳೆ ಹೊಡೆದು, ಶೆಡ್ಡಿಗೆ ಬಂದಿದೆ. ಸುಮಾರು 20 ಮೀಟರ್, 1 ಸ್ಕ್ವೇರ್ ಎಂಎಂ, ಎರಡೇ ವಯರು, ಅರ್ಥಿಂಗ್ ಇಲ್ಲ. ಭಾವನನ್ನ ಕೇಳಿದ್ರೆ, "ಅದು ಶೆಡ್ ಕಟ್ಟಿದಾಗ ಮದುವೆ ಮನೆ ಲೈಟಿಂಗ್ ಮಾಡ್ವವನ ಹತ್ರ ಟೆಂಪ್ರವರಿ ಎಳ್ಸಿದ್ದು" ಅಂದ್ರು. ಹಂಚು ಮತ್ತು ಶೀಟು ಸೇರೋ ಜಾಗದಲ್ಲಿ, ಮಳೆ ಬಂದ್ರೆ ಹನಿ ಬೀಳೋ ಕಡೆಯೇ ಸರಿಯಾಗಿ, ಎರಡು ವಯರ್ ತಿರುಚಿ ಟೇಪ್ ಸುತ್ತಿದ ಜಾಯಿಂಟು. ಮೇನ್ ಆಫ್ ಮಾಡಿ ಟೇಪ್ ಎಳೆದೆ, ಟೇಪ್ ಬರ್ಲಿಲ್ಲ, ಕರಗಿ ಪಿವಿಸಿಗೆ ಅಂಟಿಕೊಂಡಿತ್ತು. ಕತ್ತರಿಸಿ ಬಿಚ್ಚಿದ್ರೆ ಒಳಗೆ ತಾಮ್ರ ತಾಮ್ರದ ಬಣ್ಣದಲ್ಲೇ ಇಲ್ಲ, ಒಂದು ವಯರಿನ ತುದಿ ಹಸಿರು ಪುಡಿ, ಇನ್ನೊಂದು ಸುಟ್ಟು ಕಪ್ಪು. ಮುಟ್ಟಿದ್ರೆ ಎಳೆಗಳು ಮುರಿದು ಕೈಗೆ ಬಂದ್ವು. ಲೆಕ್ಕ ಹಾಕಿ ನೋಡಿ, ವಯರಿನ ಪಾಲು ಬಿಟ್ಟು ಆ ಜಾಯಿಂಟಲ್ಲೇ ಸುಮಾರು 15 ವೋಲ್ಟು, ನಾಲ್ಕು ಆಂಪ್, ಅಂದ್ರೆ ಅಕ್ಕ ಇಸ್ತ್ರಿ ಹಾಕಿದಾಗಲೆಲ್ಲ ಮರದ ರೀಪಿಗೆ ತಾಗಿಸಿ ಒಂದು 60 ವ್ಯಾಟ್ ಬಲ್ಬು ಹೊತ್ತಿಸಿಟ್ಟಷ್ಟು ಬಿಸಿ. ರೀಪಿನ ಮೇಲೆ ಬೆರಳುದ್ದ ಕಪ್ಪು ಕಲೆ ಇತ್ತು. ಅದನ್ನ ನೋಡಿದ ಮೇಲೆ ಭಾವನೇ ಟೆಂಪ್ರವರಿ ಅನ್ನೋ ಮಾತು ನಿಲ್ಸಿದ್ರು.

7. ವಯರಿಂಗ್ ಮತ್ತು ಅರ್ಥಿಂಗ್

ಜಾಯಿಂಟ್ ಒಂದನ್ನೇ ಸರಿ ಮಾಡಿ ಬಿಡ್ಬಹುದಿತ್ತು, ಅವತ್ತೇ ಹೊಲಿಗೆ ಶುರುವಾಗ್ತಿತ್ತು. ಮಾಡ್ಲಿಲ್ಲ. ಮೇನ್ ಬೋರ್ಡಿಂದ ನೇರ, ನಡುವೆ ಒಂದೂ ಜಾಯಿಂಟ್ ಇಲ್ಲದೆ, 2.5 ಸ್ಕ್ವೇರ್ ಎಂಎಂ ಮೂರು ವಯರ್ ಪಿವಿಸಿ ಪೈಪೊಳಗೆ ಎಳೆದೆ, ಮಾಡಿನ ಹನಿ ಬೀಳದ ಒಳಗೋಡೆ ಬದಿಯಿಂದ. ಶೆಡ್ಡಿಗೆ ಬೇರೆ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್), 30 ಮಿಲಿ ಆಂಪಿಂದು.

ಅರ್ಥಿಂಗ್ ಕಥೆ ಬೇರೆಯೇ ಇತ್ತು. ಮಷಿನ್ ಪ್ಲಗ್ ಮೂರು ಪಿನ್ನಿಂದು, ಬಿಚ್ಚಿದ್ರೆ ಹಸಿರು ವಯರ್ ಕತ್ತರಿಸಿ ಬಿಟ್ಟಿದ್ರು, ಪಿನ್ ಬರೀ ಶೋಕಿಗೆ. ಅದನ್ನ ಸೇರಿಸಿ, ಮೇನ್ ಬೋರ್ಡಿನ ಅರ್ಥಿಂಗ್ ಸರಿ ಇದೆಯಾ ಅಂತ ಆರ್‌ಸಿಸಿಬಿ ಜೋಡಿಸೋಕಿಂತ ಮೊದ್ಲು ಫೇಸ್ ಮತ್ತು ಅರ್ಥ್ ನಡುವೆ ಸೀರೀಸ್ ಲ್ಯಾಂಪ್ ಹಾಕಿ ನೋಡಿದೆ. ಮಂಕಾಗಿ ಕೆಂಪಗೆ ಉರಿತು. ನ್ಯೂಟ್ರಲ್ಲಿಗೆ ಹಾಕಿದಾಗ ಇರೋ ಬೆಳಕು ಇಲ್ಲಿ ಹತ್ತತ್ರ ಬರ್ಬೇಕು. ಹಿತ್ತಲಲ್ಲಿ ಅರ್ಥಿಂಗ್ ಪೈಪ್ ಹತ್ರ ಹೋಗಿ ನೋಡಿದ್ರೆ ಪೈಪ್ ಗಟ್ಟಿಯೇ ಇದೆ, ತಂತಿ ಕಟ್ಟಿದ ಕ್ಲ್ಯಾಂಪ್ ಮಾತ್ರ ತುಕ್ಕಿಗೆ ಪದರ ಪದರ ಎದ್ದು, ತಂತಿ ಅದರ ಮೇಲೆ ಸುಮ್ನೆ ಒರಗಿ ನಿಂತಿದೆ. ಪೈಪಿನ ಆ ಜಾಗ ಉಜ್ಜಿ ಬಿಳಿ ಮಾಡಿ, ಹೊಸ ಕ್ಲ್ಯಾಂಪ್, ಹೊಸ ತಂತಿ, ಬಿಗಿ ಮಾಡಿದ ಮೇಲೆ ಗ್ರೀಸ್ ಮೆತ್ತಿದೆ. ಲ್ಯಾಂಪ್ ಬೆಳ್ಳಗೆ ಉರಿತು. ಸೀರೀಸ್ ಲ್ಯಾಂಪ್ ಪರೀಕ್ಷೆ ಲೈವ್ ಕರೆಂಟಲ್ಲಿ ಮಾಡುದು, ಅರ್ಥಿಂಗ್ ಕೆಟ್ಟಿದ್ರೆ ಆ ಹೊತ್ತಿಗೆ ಅರ್ಥ್ ಸೇರಿದ ಎಲ್ಲ ಮೈಗೂ ಕರೆಂಟ್ ಬರ್ಬಹುದು, ಮನೆಯವರನ್ನ ಎಲ್ಲ ಮಷಿನ್ನಿಂದ ದೂರ ಇಟ್ಟೇ ಮಾಡ್ಬೇಕು. ಅಭ್ಯಾಸ ಇಲ್ಲದವರು ಮಾಡ್ಬೇಡಿ.

ಮತ್ತೆ ಇಸ್ತ್ರಿ ಪೆಟ್ಟಿಗೆ: ಬೆಳಿಗ್ಗೆ, ಹೊರಗೆ ಜೋರು ಮಳೆ, ಮೇನಲ್ಲಿ 225, ಶೆಡ್ಡಲ್ಲಿ 224. ಮೋಟಾರ್ ಸ್ವಿಚ್ ಹಾಕಿದ್ದೇ ಎದ್ದಿತು.

8. ಬೆಲ್ಟ್, ಬ್ರೇಕು

ಹಳೆ ಬೆಲ್ಟಿನ ಹೊಟ್ಟೆ ಸೀಳಿತ್ತು, ಅದರ ಮೇಲಿನ ನಂಬರ್ ತೋರಿಸಿ 130 ಕೊಟ್ಟು ಹೊಸದು ತಂದೆ. ನಡುವೆ ಬೆರಳಲ್ಲಿ ಒತ್ತಿದ್ರೆ ಒಂದು ಸೆಂಟಿಮೀಟರ್, ಒಂದೂವರೆ ಒಳಗೆ ಹೋಗ್ಬೇಕು, ಟೈಟ್ ಮಾಡಿದಷ್ಟು ಒಳ್ಳೇದು ಅಂತ ಎಳೆದ್ರೆ ಹೊಸ ಬೇರಿಂಗಿನ ಆಯುಸ್ಸು ಹೋಗ್ತದೆ. ಹೊಸ ಕಾರ್ಕು ದಪ್ಪ ಇದ್ದದ್ದಕ್ಕೆ ಪೆಡಲ್ ಮುಟ್ಟಿದ್ರೆ ಸಾಕು ಮಷಿನ್ ಓಡಿ ಹೋಗ್ತಿತ್ತು, ಪೆಡಲ್ ಕೊಂಡಿಯ ಸರಳನ್ನ ಸ್ವಲ್ಪ ಉದ್ದ ಮಾಡಿ, ಬ್ರೇಕ್ ಸ್ಕ್ರೂ ಅರ್ಧ ಸುತ್ತು ಒಳಗೆ ತಂದ ಮೇಲೆ ಹಿಡಿತಕ್ಕೆ ಬಂತು. ಕಾಲು ತೆಗೆದ ಕೂಡ್ಲೇ ಸೂಜಿ ನಿಲ್ಬೇಕು, ಅಷ್ಟಾದ್ರೆ ಸರಿ. ಇದನ್ನ ಹೊಲಿಯುವವರೇ ಕೂತು ಹೇಳ್ಬೇಕು, ನನ್ನ ಕಾಲಿಗೆ ಸರಿ ಅನ್ನಿಸಿದ್ದು ಅಕ್ಕನಿಗೆ ಒಗ್ಗಲಿಲ್ಲ, ಅವಳು ಹೇಳಿದ ಹಾಗೆ ಇನ್ನೂ ಸ್ವಲ್ಪ ಸಡಿಲ ಮಾಡ್ದೆ.

ಸರ್ವೋ ಬಗ್ಗೆ

ಎಲ್ಲಾ ಆದ್ಮೇಲೂ ಅಕ್ಕನಿಗೆ ಸರ್ವೋ ಆಸೆ ಹೋಗಿಲ್ಲ, ಕರೆಂಟ್ ಬಿಲ್ ಅರ್ಧ ಆಗ್ತದಂತೆ ಅಂತ ಯಾರೋ ಹೇಳಿದ್ದಾರೆ. ಅಳಿದೇ ನೋಡುವ ಅಂತ ಮನೆಲಿ ಬೇರೆಲ್ಲ ಆಫ್ ಮಾಡಿ, ಮೋಟಾರ್ ಒಂದೇ ಖಾಲಿ ಓಡಿಸಿ ಮನೆ ಮೀಟರಿನ ಕೆಂಪು ದೀಪ ಎಣಿಸಿದೆ. ನಮ್ಮ ಮೀಟರ್ ಮೇಲೆ ಒಂದು ಯೂನಿಟ್‌ಗೆ 3200 ಮಿಣುಕು ಅಂತ ಬರ್ದಿದೆ. ನಿಮಿಷಕ್ಕೆ 8 ಬಂತು, ಗಂಟೆಗೆ 480, ಅಂದ್ರೆ ಹೊಲಿಯದೆ ಸುಮ್ನೆ ತಿರುಗ್ಲಿಕ್ಕೇ 150 ವ್ಯಾಟ್. ಕಟಿಂಗ್ ಮಾಡುವಾಗ, ಗುಂಡಿ ಹಚ್ಚುವಾಗ, ಗಿರಾಕಿ ಹತ್ರ ಮಾತಾಡುವಾಗ ಎಲ್ಲ ಅದು ತಿರುಗ್ತಾನೇ ಇರ್ತದೆ. ದಿನ ಪೂರ್ತಿ ಹಾಗೆ ಬಿಟ್ರೂ ಹತ್ತಿರ ಹತ್ತಿರ ಒಂದು ಯೂನಿಟ್ ದಂಡ. ಸರ್ವೋ ಪೆಡಲ್ ಒತ್ತಿದಾಗ ಮಾತ್ರ ತಿರುಗುದರಿಂದ ಅಷ್ಟು ಉಳಿತದೆ, ಶಬ್ದವೂ ಇಲ್ಲ, ನಿಧಾನ ಹೊಲಿಲಿಕ್ಕೂ ಚೊಲೊ. ಆದ್ರೆ ಅದರ ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರ್ತದೆ, ಈ ಉಪ್ಪು ಗಾಳಿ, ಮೇ ಕೊನೆಯ ಸಿಡಿಲು, ಮೇಲಿಂದ ತೊಟ್ಟಿಕ್ಕೋ ಎಣ್ಣೆ, ಇದರಲ್ಲಿ ಬೋರ್ಡ್ ಹೋದ್ರೆ ನಮ್ಮ ಊರಲ್ಲಿ ರಿಪೇರಿ ಮಾಡ್ವವರು ಇಲ್ಲ. ಹಳೆ ಜಾಯಿಂಟ್ ಇರುವಾಗಲೇ ಸರ್ವೋ ತಂದು ಹಾಕಿದ್ರೆ ಅದೂ ಎಡವಟ್ಟು ಮಾಡ್ತಿತ್ತು. ಸದ್ಯಕ್ಕೆ ಕಟಿಂಗ್ ಮಾಡುವಾಗ, ಸೂಜಿಗೆ ದಾರ ಹಾಕುವಾಗ ಸ್ವಿಚ್ ಆಫ್ ಮಾಡು ಅಕ್ಕಾ, ಬೆರಳಿಗೂ ಒಳ್ಳೇದು ಬಿಲ್ಲಿಗೂ ಒಳ್ಳೇದು ಅಂತ ಹೇಳಿ ಬಂದಿದ್ದೇನೆ.

ಖರ್ಚು

ಮೋಟಾರಿಗೆ: ಕೆಪಾಸಿಟರ್ 140, ದಂಡದ ಕೆಪಾಸಿಟರ್ 180, ಬೇರಿಂಗ್ 330, ಕಾರ್ಕು 120, ವಾರ್ನಿಶ್ 260, ಬೆಲ್ಟ್ 130. ಒಟ್ಟು 1160.

ವಯರಿಂಗಿಗೆ: ವಯರ್ 1620, ಪೈಪು 300, ಆರ್‌ಸಿಸಿಬಿ 1450, ಪೆಟ್ಟಿಗೆ ಮತ್ತೆ ಕನೆಕ್ಟರ್ 150, ಅರ್ಥಿಂಗ್ ಸಾಮಾನು 220. ಒಟ್ಟು 3740.

ಎರಡೂ ಸೇರಿ 4900, ನನ್ನ ಕೂಲಿ ಬಿಟ್ಟು. 1800 ಕೊಟ್ಟು ಬರೀ ವೈಂಡಿಂಗ್ ಕಟ್ಟಿಸಿದ್ರೆ ಮರುದಿನ ಬೆಳಿಗ್ಗೆ ಹೊಸ ವೈಂಡಿಂಗೂ ಗುಂಯ್ ಅಂತಿತ್ತು, ಮತ್ತೆ ಯಾರನ್ನ ಬೈಯೋದು ಅಂತ ಗೊತ್ತಾಗ್ತಿರ್ಲಿಲ್ಲ.

ಬಾಕಿ ಇರೋದು ಎಣ್ಣೆ ಸೋರಿಕೆ. ತಲೆಯ ಕೆಳಗಿನ ಎಣ್ಣೆ ಟ್ರೇಯ ಮೂಲೆಯಲ್ಲಿ ಕೂದಲೆಳೆ ಬಿರುಕಿದೆ, ಎಂ-ಸೀಲ್ ಹಚ್ಚಿ ನೋಡಿದೆ, ಎಣ್ಣೆ ಪೂರ್ತಿ ಒರೆಸಿರ್ಲಿಲ್ಲವೋ ಏನೋ, ಎದ್ದು ಬಂತು. ಈಗ ಮೋಟಾರ್ ಮೇಲೆ ಕಂಡಿ ಮುಚ್ಚದ ಹಾಗೆ ಒಂದು ತಗಡು ಬಗ್ಗಿಸಿ ಇಟ್ಟಿದ್ದೇನೆ, ಟ್ರೇ ಹೊಸದು ತರಿಸ್ಬೇಕು. ಮೆಗ್ಗರ್ ಗೆಳೆಯನಿಗೆ ವಾಪಸ್ ಕೊಡೋಕಿಂತ ಮೊದ್ಲು ಇನ್ನೊಂದು ಸಲ ಹಾಕಿ ನೋಡಿದೆ, ಮೂರು ದಿನ ಎಡೆಬಿಡದ ಮಳೆ ಆದ್ಮೇಲೂ 14 ಮೆಗಾಓಮ್ ಇತ್ತು. ನವರಾತ್ರಿ ಹೊತ್ತಿಗೆ ಕವರ್ ಬಿಚ್ಚಿ ಜುಂಗು ತೆಗಿಬೇಕು ಅಂತ ಅಕ್ಕ ಕ್ಯಾಲೆಂಡರಲ್ಲಿ ಬರೆದಿಟ್ಟಿದ್ದಾಳೆ.